ಏಳು ಕಾಯಿ ಕಡಿಮೆ

ಉಲ್ಲಾಳದ ಹೊಸ ಬಡಾವಣೆಯ ಆರನೇ ಅಡ್ಡರಸ್ತೆಯಲ್ಲಿ ಯೋಗಾನಂದನಷ್ಟು ತರಕಾರಿ ಬೆಳೆದವರು ಯಾರೂ ಇರಲಿಲ್ಲ. ಸರ್ಕಾರಿ ಕಚೇರಿಯೊಂದರ ಅಂಕಿಅಂಶ ವಿಭಾಗದಲ್ಲಿ ಕೂತು, ಯಾವ ತಾಲ್ಲೂಕಿನಲ್ಲಿ ಎಷ್ಟು ಹೆಕ್ಟೇರು ಬದನೆ, ಎಷ್ಟು ಹೆಕ್ಟೇರು ಹೀರೆ, ಎಷ್ಟು ಹೆಕ್ಟೇರು ಹುರುಳಿಕಾಯಿ ಎಂದು ಇಪ್ಪತ್ತೆರಡು ವರ್ಷ ಕಾಲಂ ತುಂಬಿದ ಮನುಷ್ಯ ಅವನು. ಕಾಗದದ ಮೇಲೆ ಅವನು ಬೆಳೆದ ಹುರುಳಿಕಾಯಿಯನ್ನು ಸಾಲಾಗಿ ಜೋಡಿಸಿದ್ದರೆ ಕೆಂಗೇರಿಯಿಂದ ಬೀದರಿಗೆ ಹೋಗಿ ವಾಪಸು ಬರಬಹುದಿತ್ತು. ಮಣ್ಣು ಮಾತ್ರ ಅವನ ಕೈಗೆ ಅಂಟಿದ್ದು ಒಂದೇ ಸಲ, ಕಾಮಾಕ್ಷಿಪಾಳ್ಯದ ಸ್ಟಾಪಿನಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿದಾಗ.

ಇಂಥವನು ಎರಡು ಸಾವಿರದ ಏಳನೇ ಇಸವಿಯ ಜೂನ್ ತಿಂಗಳ ಒಂದು ಬೆಳಿಗ್ಗೆ, ಮನೆ ಮುಂದೆ ಬಂದ ತಳ್ಳುಗಾಡಿಯಿಂದ ಒಂದು ಬೀನ್ಸ್ ಎತ್ತಿಕೊಂಡು, ಟಕ್ಕನೆ ಮುರಿದು, ಗಾಡಿಯವನಿಗೆ ಪಾಠ ಶುರುಮಾಡಿದ.

"ನೋಡಪ್ಪಾ, ಇದು ಗಿಡದ ಬೀನ್ಸು. ಬಳ್ಳಿ ಬೀನ್ಸು ಅಂತ ಬೇರೇನೇ ಇರತ್ತೆ. ಅದರ ರುಚಿ ನೀನು ಕಂಡಿಲ್ಲ ಬಿಡು."

ಪಕ್ಕದ ಮನೆಯ ಬೈರಪ್ಪ ತನ್ನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಅವನು ಹಳೇ ಉಲ್ಲಾಳದವನು. ಆ ಬಡಾವಣೆಯೇ ಒಂದು ಕಾಲಕ್ಕೆ ಅವನ ಮನೆತನದ ಹೊಲ. ಯೋಗಾನಂದನ ದೇವರ ಮನೆ ಇರುವ ಜಾಗದಲ್ಲಿ ತಮ್ಮ ಕಣವಿತ್ತು, ಊಟದ ಮನೆ ಇರುವ ಜಾಗದಲ್ಲಿ ತಿಪ್ಪೆಯಿತ್ತು ಎಂದು ಗೃಹಪ್ರವೇಶದ ದಿನವೇ, ಎಲೆ ಹಾಕಿದ ಮೇಲೆ, ಎಲ್ಲರಿಗೂ ಕೇಳುವಂತೆ ಹೇಳಿದ್ದ. ಯೋಗಾನಂದ ಅದನ್ನಿನ್ನೂ ಮರೆತಿರಲಿಲ್ಲ.

"ಸಾರ್," ಎಂದ ಬೈರಪ್ಪ, ಲೋಟ ಕೆಳಗಿಡದೆ, "ಅದು ಬಳ್ಳೀದೇ."

ಗಾಡಿಯವನು ನಕ್ಕ. ಚೀಲ ಹಿಡಿದು ನಿಂತಿದ್ದ ಯೋಗಾನಂದನ ಹೆಂಡತಿ ಕುಸುಮಾ ಕೂಡ ನಕ್ಕಳು. ಹೆಚ್ಚು ನೋವು ಕೊಟ್ಟದ್ದು ಅದು.

"ಪೇಪರಲ್ಲಿ ಬೆಳೆಯೋರಿಗೆ ಬಳ್ಳಿಯಾದ್ರೇನು, ಗಿಡವಾದ್ರೇನು ಬುಡಿ ಸಾರ್," ಎಂದು ಬೈರಪ್ಪ ಸಮಾಧಾನ ಮಾಡಿದ.

"ಬೈರಪ್ಪನವರೇ, ಆಗಸ್ಟ್ ಮುಗಿಯೋದ್ರೊಳಗೆ ನನ್ನ ಕೈಯಾರೆ ಬೆಳೆದ ಬಳ್ಳಿ ಬೀನ್ಸಿನ ಪಲ್ಯ ನಿಮಗೆ ಊಟಕ್ಕೆ ಹಾಕ್ತೀನಿ. ಹಾಕದಿದ್ರೆ ನನ್ನ ಹೆಸರು ಯೋಗಾನಂದ ಅಲ್ಲ."

"ಯಾವುದಕ್ಕೂ ಇನ್ನೊಂದು ಹೆಸರು ನೋಡ್ಕೊಂಡಿರಿ," ಎಂದ ಬೈರಪ್ಪ.

ಕಾಂಪೌಂಡ್ ಗೋಡೆಗೂ ರಸ್ತೆಯ ಮೋರಿಗೂ ನಡುವೆ ಮೂರಡಿ ಅಗಲದ ಖಾಲಿ ಪಟ್ಟಿಯಿತ್ತು. ಯೋಗಾನಂದ ಅಲ್ಲಿ ಮಣ್ಣು ಅಗೆದು, ಗೊಬ್ಬರ ಸುರಿದು, ಬೀಜ ಹಾಕಿದ. ಕಟ್ಟುತ್ತಿದ್ದ ಮನೆಯೊಂದರಿಂದ ಸರ್ವೆ ಮರದ ಕೋಲು ತಂದು ನೆಟ್ಟು ಚಪ್ಪರ ಮಾಡಿದ. ಬಳ್ಳಿ ಮೇಲೆದ್ದಾಗ ಅದನ್ನು ಕೈಯಿಂದ ಕೋಲಿಗೆ ಬಲಗಡೆಯಿಂದ ಸುತ್ತಿದ. ಮಾರನೆಯ ದಿನ ಅದು ಬಿಚ್ಚಿಕೊಂಡು ಎಡಗಡೆಯಿಂದ ಸುತ್ತಿಕೊಂಡಿತ್ತು. ಮತ್ತೆ ಬಲಗಡೆಯಿಂದ ಸುತ್ತಿದ, ಮತ್ತೆ ಅದು ಎಡಕ್ಕೇ ಹೋಯಿತು. ನಾಲ್ಕು ದಿನ ಈ ಜಗಳ ನಡೆದು ಕೊನೆಗೆ ಯೋಗಾನಂದ ಸೋತ. ಬಳ್ಳಿ ಅವನ ಸಹಾಯ ತಪ್ಪಿದ ಕೂಡಲೆ ಸರಸರನೆ ಕೋಲಿನ ತುದಿ ಮುಟ್ಟಿತು. ಬಿಳಿ ಹೂವು ಬಿಟ್ಟಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಕಿಕಡ್ಡಿಯಷ್ಟು ಕಾಯಿ ಕಾಣಿಸಿಕೊಂಡವು.

ಆ ದಿನವೇ ಯೋಗಾನಂದ ಒಂದು ನೋಟ್‌ಬುಕ್ ತೆಗೆದು ಕಾಲಂ ಎಳೆದ. ನಾಲ್ಕು ಜನರ ಪಲ್ಯಕ್ಕೆ ಇನ್ನೂರು ಕಾಯಿ ಬೇಕು. ದಿನಕ್ಕೆ ಹನ್ನೊಂದರಂತೆ ಹೆಚ್ಚಾದರೆ ಆಗಸ್ಟ್ ಇಪ್ಪತ್ತಾರು, ಭಾನುವಾರಕ್ಕೆ ಇನ್ನೂರು ದಾಟುತ್ತದೆ. ತಕ್ಷಣ ಹೋಗಿ ಬೈರಪ್ಪನನ್ನೂ ಅವನ ಹೆಂಡತಿ ಲಿಂಗಮ್ಮನನ್ನೂ ಆ ಭಾನುವಾರದ ಊಟಕ್ಕೆ ಕರೆದು ಬಂದ. ಮನೆಗೆ ಬಂದು ಆಜ್ಞೆ ಹೊರಡಿಸಿದ.

"ಇನ್ನೂರು ಆಗೋವರೆಗೆ ಒಂದು ಕಾಯೀನೂ ಯಾರೂ ಮುಟ್ಟಬಾರದು."

"ಅಲ್ಲಿವರೆಗೆ ಮೊದಲು ಬಿಟ್ಟಿದ್ದೆಲ್ಲ ಬಲಿತು ಹಗ್ಗ ಆಗತ್ತೆ ಕಣ್ರೀ," ಎಂದಳು ಕುಸುಮಾ. "ಎಳೇದಿದ್ದಾಗ ಕೀಳ್ಬೇಕು."

"ಉತ್ಪಾದನೆ ವಿಷಯ ನನಗೆ ಬಿಡು. ನೀನು ಒಗ್ಗರಣೆ ನೋಡ್ಕೊ."

ಕುಸುಮಾ ಸುಮ್ಮನಾದಳು. ಆಮೇಲೆ ನಡೆದದ್ದಕ್ಕೆಲ್ಲ ಈ ಸುಮ್ಮನಾದದ್ದೇ ಮೂಲ ಎಂಬುದು ಯೋಗಾನಂದನಿಗೆ ತಿಳಿಯಲು ಎರಡೂವರೆ ವಾರ ಬೇಕಾಯಿತು.

ಆಗಸ್ಟ್ ಹನ್ನೊಂದರ ಸಂಜೆ ನಲವತ್ತಾರು ಕಾಯಿಯಿದ್ದವು. ಹನ್ನೆರಡರ ಬೆಳಿಗ್ಗೆ ಮೂವತ್ತೊಂಬತ್ತು. ಯೋಗಾನಂದನಿಗೆ ನಂಬಿಕೆಯಾಗಲಿಲ್ಲ. ಮತ್ತೆ ಎಣಿಸಿದ, ನಲವತ್ತೊಂದು. ಮತ್ತೆ ಎಣಿಸಿದ, ಮೂವತ್ತೇಳು. ಮೂರನ್ನೂ ಕೂಡಿ ಸರಾಸರಿ ತೆಗೆದ, ಮೂವತ್ತೊಂಬತ್ತೇ ಬಂತು. ಏಳು ಕಾಯಿ ಕಡಿಮೆ. ಅಂಕಿಅಂಶ ಸುಳ್ಳು ಹೇಳುವುದಿಲ್ಲ.

"ಹಕ್ಕಿ ಇರಬಹುದು," ಎಂದಳು ಕುಸುಮಾ, ಒಲೆಯ ಕಡೆ ತಿರುಗಿಕೊಂಡು.

"ಹಕ್ಕಿ ತೊಟ್ಟು ಉಳಿಸಿ ಉಗುರಲ್ಲಿ ಚಿವುಟತ್ತೇನೇ? ಇದು ಪಳಗಿದ ಕೈ ಕಣೇ. ಯಾರು ಅಂತ ಗೊತ್ತಾಗ್ಲಿ, ಆ ಕೈನ..."

ಕೈಯನ್ನು ಏನು ಮಾಡುವನೆಂದು ಹೇಳುವಷ್ಟರಲ್ಲಿ ತಟ್ಟೆ ಬಂತು. ಚಪಾತಿ, ಬೀನ್ಸ್ ಪಲ್ಯ. ಯೋಗಾನಂದ ಎರಡು ತುತ್ತು ತಿಂದು ಮುಖ ಸಿಂಡರಿಸಿದ.

"ಈ ಮಾರ್ಕೆಟ್ ಬೀನ್ಸು ಬಾಯಿಗೆ ಹಾಕೋ ಹಾಗಿಲ್ಲ. ನಮ್ಮದು ತಿಂದ ಮೇಲೆ ನಿನಗೇ ಗೊತ್ತಾಗತ್ತೆ."

ಕುಸುಮಾ ಏನೋ ಹೇಳಲು ಬಾಯಿ ತೆರೆದಳು. ಅವನ ಮುಖ ನೋಡಿ ಇನ್ನೊಂದು ಸೌಟು ಬಡಿಸಿದಳು.

ಎರಡು ದಿನ ಬಿಟ್ಟು ಮತ್ತೆ ಒಂಬತ್ತು ಕಾಯಿ ಹೋದವು. ಯೋಗಾನಂದ ತನಿಖೆಗಿಳಿದ. ಕದ್ದ ಮಾಲು ಯಾವುದಾದರೂ ಒಲೆಯ ಮೇಲೆ ಬರಲೇಬೇಕು, ಒಲೆಯ ಮೇಲೆ ಬಂದದ್ದು ಮೂಗಿಗೆ ಬರಲೇಬೇಕು. ಈ ತರ್ಕ ಹಿಡಿದು ಅವನು ಸಂಜೆ ಆಫೀಸಿನಿಂದ ಬಂದವನೇ ಬೀದಿಯ ಮನೆಗಳ ಅಡಿಗೆಮನೆ ಕಿಟಕಿಗಳ ಕೆಳಗೆ ನಿಧಾನವಾಗಿ ಓಡಾಡತೊಡಗಿದ. ಒಂದೊಂದು ಕಿಟಕಿಯ ಕೆಳಗೂ ನಿಂತು, ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ ಮೂಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವನು. ಬೀದಿಯ ಜನಕ್ಕೆ ಮೂಸಿದ್ದು ಕಾಣಲಿಲ್ಲ. ಕತ್ತೆತ್ತಿ ಕಟ್ಟಡ ನೋಡಿದ್ದೂ ಬರೆದುಕೊಂಡದ್ದೂ ಮಾತ್ರ ಕಂಡವು.

ಬೈರಪ್ಪನ ಮನೆಯ ಎರಡನೇ ಮಹಡಿಯಲ್ಲಿ ಶೀಟು ಹೊದಿಸಿದ ಒಂದು ಮನೆಯಿತ್ತು. ಪ್ಲಾನಿನಲ್ಲಿ ಆ ಮಹಡಿ ಇರಲಿಲ್ಲ. ಅಲ್ಲಿ ರಾಯಚೂರು ಕಡೆಯಿಂದ ಬಂದ ನೀಲಾಂಬಿಕಾ ಎಂಬ ಹೆಂಗಸು ಗಂಡನ ಜೊತೆ ಬಾಡಿಗೆಗಿದ್ದಳು. ಗಂಡ ಗಾರ್ಮೆಂಟ್ಸಿಗೆ ಹೋದ ಮೇಲೆ ಅವಳು ಒಬ್ಬಳೇ. ಒಂದು ಸಂಜೆ ಯೋಗಾನಂದ ಪಕ್ಕದ ಹೊರಮೆಟ್ಟಿಲು ಹತ್ತಿ ಅವಳ ಬಾಗಿಲಲ್ಲಿ ನಿಂತ.

"ಏನಿಲ್ಲಮ್ಮ, ಹೀಗೇ ಬಂದೆ. ಅಡಿಗೆಮನೆ ಯಾವ ಕಡೆ?"

"ಇದ ಒಂದ ಖೋಲಿ ಐತ್ರಿ ಸರ. ಇದ ಅಡಿಗಿಮನಿ, ಇದ ಪಡಸಾಲಿ, ಎಲ್ಲಾ ಇದ."

"ಇವತ್ತು ಏನು ಅಡಿಗೆ?"

ನೀಲಾಂಬಿಕಾಗೆ ನಗು ಬಂತು. "ಮೆಂತ್ಯದ ಪಲ್ಯ, ಶೇಂಗಾ ಹಿಂಡಿ, ರೊಟ್ಟಿ. ಉಣ್ತೀರೇನ್ರಿ?"

"ಬೇಡ ಬೇಡ." ಅವನು ಬಾಗಿ ಬಾಣಲೆಯೊಳಗೆ ನೋಡಿದ, ನೋಟ್‌ಬುಕ್ ತೆಗೆದು ಬರೆದುಕೊಂಡ, ಇಳಿದು ಹೋದ.

ನೀಲಾಂಬಿಕಾ ಕೆಳಗೆ ಹೋಗಿ ಲಿಂಗಮ್ಮನಿಗೆ ಹೇಳಿದಳು. "ಆಂಟಿ, ಬಾಜೂ ಮನಿ ಸರ ಬಂದು ಅಡಿಗಿಮನಿ ನೋಡಿ ಬರಕೊಂಡ ಹ್ವಾದ್ರು ನೋಡ್ರಿ. ಯಾಕಂತ ಹೇಳಲಿಲ್ಲ."

ಅಕ್ರಮ ಸಕ್ರಮದ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತಿದ್ದ ಕಾಲ ಅದು. ಯಾರ ಮನೆ ಎಷ್ಟು ಮುಂದೆ ಬಂದಿದೆ, ಯಾರದು ಒಂದು ಮಹಡಿ ಹೆಚ್ಚಾಗಿದೆ, ಎಲ್ಲ ಅಳೆಯುತ್ತಾರಂತೆ ಎಂಬ ಮಾತು ಹಾಲಿನಂಗಡಿಯಿಂದ ಹಿಡಿದು ಬಸ್ ಸ್ಟಾಪಿನವರೆಗೂ ಓಡಾಡುತ್ತಿತ್ತು. ಲಿಂಗಮ್ಮ ಗಂಡನಿಗೆ ಹೇಳಿದಳು.

"ನೋಡ್ದಾ, ಗೌರ್ಮೆಂಟ್ ಆಫೀಸಿನಾತ. ಪಕ್ಕದಾಗೇ ಕೂತವ್ನೆ. ಒಳಗಿಂದೊಳಗೇ ಬರ್ಕೊಂಡು ಕೊಡ್ತಾವ್ನೆ ಕಣೋ."

"ಥೂ, ಆತ ಬೀನ್ಸ್ ಹಾಕ್ಕೊಂಡು ಕೂತವ್ನೆ. ಆತಂದೇನು," ಎಂದ ಬೈರಪ್ಪ. ಆದರೆ ಅವನ ಕಾಫಿ ಅವತ್ತು ಆರಿಹೋಯಿತು.

ಆಗಸ್ಟ್ ಹತ್ತೊಂಬತ್ತರ ಭಾನುವಾರ ಯೋಗಾನಂದ ಟೇಪು ಹಿಡಿದು ಹೊರಬಂದ. ಮೊದಲು ಅತಿ ಉದ್ದದ ಕಾಯಿಗಳನ್ನು ಅಳೆದು ಗುರುತಿಗೆ ದಾರ ಕಟ್ಟಿದ, ಒಂದಂತೂ ಆರೂವರೆ ಇಂಚು. ಆಮೇಲೆ ಚಪ್ಪರದ ಕೆಳಗೆ ಕೆಸರಿನಲ್ಲಿ ಒಂದು ಹೆಜ್ಜೆ ಗುರುತು ಕಂಡಿತು. ಅಗಲವಾದ ಬರಿಗಾಲು. ಅದು ಬೈರಪ್ಪನ ಮನೆಯ ಕಡೆಗೆ ಬೆರಳು ಮಾಡಿತ್ತು. ಕಳ್ಳ ಎಷ್ಟು ದೂರದಿಂದ ಬಂದಿರಬಹುದೆಂದು ತಿಳಿಯಲು ಅವನು ಟೇಪಿನ ತುದಿಯನ್ನು ಬೈರಪ್ಪನ ಕೆಳಗಿನ ಮೆಟ್ಟಿಲಿಗೆ ಸಿಕ್ಕಿಸಿ, ಹೆಜ್ಜೆಯವರೆಗೆ ಎಳೆದು, ಬಗ್ಗಿ ನೋಡಿದ. ಹನ್ನೊಂದಡಿ ನಾಲ್ಕಿಂಚು. ಬರೆದುಕೊಂಡ.

ಬೈರಪ್ಪನ ಮನೆ ಪಾಯ ಎತ್ತರದ್ದು. ಮೂರು ಮೆಟ್ಟಿಲೂ ಅವುಗಳ ಪಕ್ಕದ ಜಗಲಿಯೂ ಸೈಟಿನ ಗೆರೆ ದಾಟಿ ಮೋರಿಯ ಅಂಚಿನವರೆಗೆ ಬಂದಿದ್ದವು. ಕಿಟಕಿಯ ಹಿಂದೆ ನಿಂತಿದ್ದ ಬೈರಪ್ಪನಿಗೆ ಕಂಡದ್ದು ಒಂದೇ: ಟೇಪು ತನ್ನ ಮೆಟ್ಟಿಲ ಮೇಲಿದೆ.

ಮಾರನೆಯ ದಿನ ಯೋಗಾನಂದ ಜೀವಮಾನದಲ್ಲಿ ಮೊದಲ ಸಲ ಐದೂವರೆಗೆ ಎದ್ದು ಗೇಟು ತೆರೆದ. ಮಬ್ಬಿನಲ್ಲಿ ಚಪ್ಪರದ ಪಕ್ಕ ಬೈರಪ್ಪ ನಿಂತಿದ್ದ, ಕೈಯಲ್ಲೊಂದು ಬಟ್ಟೆ ಚೀಲ.

"ಏನು ಬೈರಪ್ಪನವರೇ, ಇಷ್ಟು ಹೊತ್ತಿಗೆ?"

"ಹಾಲಿಗೆ ಹೊಂಟಿದ್ದೆ ಸಾರ್. ನೀವೇನು ಇಷ್ಟೊತ್ತಿಗೆ?"

"ನಾನೂ ಹೀಗೇ, ನೋಡೋಣ ಅಂತ."

"ಏನು ನೋಡೋಣ ಅಂತ?"

"ಎಲ್ಲಾನೂ," ಎಂದ ಯೋಗಾನಂದ, ಅರ್ಥಗರ್ಭಿತವಾಗಿ.

ಬೈರಪ್ಪ ತನ್ನ ಮೆಟ್ಟಿಲ ಕಡೆ ಒಮ್ಮೆ ನೋಡಿ ಹಾಲಿಗೆ ಹೊರಟ. ಅವತ್ತಿನಿಂದ ಇಬ್ಬರಿಗೂ ಒಬ್ಬರನ್ನೊಬ್ಬರು ಕದ್ದು ನೋಡುವುದೇ ಕೆಲಸವಾಯಿತು. ಯೋಗಾನಂದ ಶೇವಿಂಗ್ ಮಾಡುವಾಗ ಕನ್ನಡಿಯನ್ನು ಪಕ್ಕದ ಮನೆ ಕಾಣುವಂತೆ ತಿರುಗಿಸಿಟ್ಟ. ಬೈರಪ್ಪ ಪೇಪರನ್ನು ತಲೆಕೆಳಗಾಗಿ ಹಿಡಿದು ಅದರ ಮೇಲಿಂದ ನೋಡಿದ. ಒಂದು ಸಲ ಯೋಗಾನಂದ ಕಾಂಪೌಂಡಿನ ಮೇಲಿಂದ ಇಣುಕಿದಾಗ ಹಿತ್ತಲಲ್ಲಿ ಕೂತಿದ್ದ ಲಿಂಗಮ್ಮ ಸರಕ್ಕನೆ ತಟ್ಟೆಯ ಮೇಲೆ ಸೆರಗು ಮುಚ್ಚಿದಳು. ಅದೂ ನೋಟ್‌ಬುಕ್ ಸೇರಿತು.

ಬುಧವಾರ ಲಿಂಗಮ್ಮ ಕುಸುಮಾಳ ಕೈಗೆ ಆರು ತೆಂಗಿನಕಾಯಿ ಕೊಟ್ಟು ಹೋದಳು. "ಊರ ತೋಟದವು ಕುಸುಮಮ್ಮ. ಸಾರ್‌ಗೆ ಹೇಳು, ನಾವು ಕೊಟ್ಟಿದ್ದು ಅಂತ."

"ನೋಡಿದ್ಯಾ!" ಎಂದ ಯೋಗಾನಂದ. "ಮನಸ್ಸಾಕ್ಷಿ ಚುಚ್ತಾ ಇದೆ. ಬೀನ್ಸ್ ತಗೊಂಡು ತೆಂಗಿನಕಾಯಿ ಕೊಡ್ತಾರೆ. ಇವು ಸಾಕ್ಷಿ. ಮುಟ್ಟಬೇಡ."

"ರೀ, ಒಂದು ಮಾತು ಕೇಳಿ ಇಲ್ಲಿ..."

"ಕಳ್ಳರ ಪರ ಮಾತಾಡಬೇಡ!"

ಕುಸುಮಾ ಒಂದು ಸಾಕ್ಷಿಯನ್ನು ಒಡೆದು ಪಲ್ಯಕ್ಕೆ ತುರಿದಳು.

ಗುರುವಾರ ಸಂಜೆ ಬೈರಪ್ಪನಿಗೆ ತಡೆಯಲಾಗಲಿಲ್ಲ. ಬಸ್ಸಿಳಿದು ಬರುತ್ತಿದ್ದ ಯೋಗಾನಂದನನ್ನು ಬೀದಿಯ ತಿರುವಿನಲ್ಲೇ ಹಿಡಿದ.

"ಸಾರ್, ನೀವು ಅಳತೆ ತಗೊಂಡಿದ್ದು ನಾನು ನೋಡ್ದೆ."

"ಒಳ್ಳೇದಾಯ್ತು. ನನ್ನದೇನೂ ಮುಚ್ಚುಮರೆ ಇಲ್ಲ. ಎಲ್ಲಾ ಬರೆದಿಟ್ಟಿದೀನಿ."

"ಸುಳ್ಳು ಯಾಕೆ ಹೇಳ್ಲಿ ಸಾರ್. ಸ್ವಲ್ಪ ಎಳ್ಕೊಂಡಿರೋದು ನಿಜ."

ಕಳ್ಳ ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವನೆಂದು ಯೋಗಾನಂದ ಎಣಿಸಿರಲಿಲ್ಲ. "ಎಳ್ಕೊಂಡಿದೀರಾ? ನನ್ನ ಮುಂದೇನೇ ಹೇಳ್ತೀರಾ?"

"ಬೀದೀಲಿ ಎಲ್ಲಾರೂ ಎಳ್ಕೊಂಡವ್ರೆ ಸಾರ್. ನಾನೊಬ್ನೇನಾ? ಮೂಲೆ ಮನೆ ತಮ್ಮಣ್ಣನ್ನ ನೋಡಿ, ನನಗಿಂತ ಎರಡರಷ್ಟು."

"ಎಲ್ಲಾರೂನಾ!" ಯೋಗಾನಂದ ಬೀದಿಯ ಉದ್ದಕ್ಕೂ ಕಣ್ಣಾಡಿಸಿದ. ತಾನು ಸಜ್ಜನರೆಂದು ತಿಳಿದಿದ್ದ ಇಪ್ಪತ್ತೆರಡು ಮನೆಗಳು ಸಾಲಾಗಿ ನಿಂತಿದ್ದವು. "ನಿಮಗೆ ಯಾಕೆ ಬೇಕಿತ್ತು ಬೈರಪ್ಪನವರೇ? ಕೇಳಿದ್ರೆ ನಾನೇ ಕೊಡ್ತಿದ್ನಲ್ಲ?"

"ನೀವು ಕೊಡಂಗಿದ್ರಾ?" ಬೈರಪ್ಪನಿಗೆ ಆಶ್ಚರ್ಯವಾಯಿತು. "ನಂಗೇನೂ ಬೇಕಿರ್ಲಿಲ್ಲ ಸಾರ್. ಹೆಂಗಸರಿಗೆ ಮಂಡಿನೋವು. ಅದಕ್ಕೇ."

"ಮಂಡಿನೋವಿಗೆ ಇದು ಒಳ್ಳೇದಾ?"

"ಭಾಳ ಅನುಕೂಲ ಸಾರ್. ಇಲ್ದಿದ್ರೆ ಆಯಮ್ಮ ಓಡಾಡಕ್ಕೇ ಆಗ್ತಿರ್ಲಿಲ್ಲ."

ಯೋಗಾನಂದ ಜೇಬಿನಿಂದ ನೋಟ್‌ಬುಕ್ ತೆಗೆದು ಅದನ್ನೂ ಬರೆದುಕೊಂಡ. ಪೆನ್ನು ಓಡಿದ್ದನ್ನು ಕಂಡು ಬೈರಪ್ಪ ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದ.

"ಈಗ ಏನು ಮಾಡ್ಲಿ, ನೀವೇ ಹೇಳಿ ಸಾರ್."

"ನೋಡಿ, ಭಾನುವಾರದೊಳಗೆ ಇದು ನಿಲ್ಲಬೇಕು. ಭಾನುವಾರ ದಾಟಿದ್ರೆ ನನ್ನ ಕೈಯಲ್ಲಿಲ್ಲ," ಎಂದ ಯೋಗಾನಂದ. ಭಾನುವಾರದ ಊಟಕ್ಕೆ ಕಾಯಿ ಸಾಲದೆ ಮರ್ಯಾದೆ ಹೋಗುತ್ತದೆಂಬುದು ಅವನ ದುಃಖ. ಬೈರಪ್ಪನಿಗೆ ಅದು ಸರ್ಕಾರದ ಗಡುವಿನಂತೆ ಕೇಳಿಸಿತು.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಬೈರಪ್ಪನ ಮನೆಯಿಂದ ಡಬ್ಬಿ ತುಂಬ ಒಬ್ಬಟ್ಟು ಬಂತು. ಯೋಗಾನಂದ ವಾಪಸು ಕಳಿಸಿದ. ಬೈರಪ್ಪನಿಗೆ ಇನ್ನು ಅನುಮಾನ ಉಳಿಯಲಿಲ್ಲ. ಒಬ್ಬಟ್ಟು ಬೇಡವೆನ್ನುವ ಸರ್ಕಾರಿ ನೌಕರನನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಧಡ್ ಧಡ್ ಎಂಬ ಸದ್ದಿಗೆ ಆರನೇ ಅಡ್ಡರಸ್ತೆಯೆಲ್ಲ ಎದ್ದು ಕೂತಿತು. ಬೈರಪ್ಪ ಬನೀನು ಹಾಕಿಕೊಂಡು ದೊಡ್ಡ ಸುತ್ತಿಗೆಯಿಂದ ತನ್ನ ಮೆಟ್ಟಿಲನ್ನು ತಾನೇ ಒಡೆಯುತ್ತಿದ್ದ. ಜಗಲಿ ಆಗಲೇ ಪುಡಿಯಾಗಿತ್ತು. ಎತ್ತರದ ಬಾಗಿಲಲ್ಲಿ, ದಡ ಸೇರಲಾರದ ದೋಣಿಯಲ್ಲಿ ನಿಂತವಳಂತೆ, ಲಿಂಗಮ್ಮ ನಿಂತು ಗಂಡನನ್ನೂ ಸರ್ಕಾರವನ್ನೂ ಒಟ್ಟಿಗೆ ಬೈಯುತ್ತಿದ್ದಳು.

ಯೋಗಾನಂದ ಹಲ್ಲುಜ್ಜುವ ಬ್ರಷ್ಷಿನ ಸಮೇತ ಗೇಟಿಗೆ ಬಂದ. ಏಳು ಕಾಯಿ ಬೀನ್ಸಿನ ಪಶ್ಚಾತ್ತಾಪಕ್ಕೆ ಮನುಷ್ಯ ಮನೆಯನ್ನೇ ಒಡೆಯುತ್ತಾನೆಂದರೆ! ಅವನಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಭಯ.

"ಬೈರಪ್ಪನವರೇ, ಇಷ್ಟೆಲ್ಲ ಬೇಡ ಇತ್ತು!"

"ಮೊದಲೇ ಹೇಳಬೇಕಿತ್ತು ಸಾರ್," ಎಂದು ಬೈರಪ್ಪ ಕೊನೆಯ ಮೆಟ್ಟಿಲಿಗೆ ಹೊಡೆದ.

ಅದೇ ಹೊತ್ತಿಗೆ ಬೀದಿಗೊಂದು ಜೀಪು ಬಂತು. ವಾರ್ಡ್ ಆಫೀಸಿನ ಇಂಜಿನಿಯರ್ ಮರೆಪ್ಪ, ಮಳೆಗೆ ಮೋರಿಗಳು ಕಟ್ಟಿವೆಯೇ ಎಂದು ನೋಡಲು ಹೊರಟಿದ್ದವರು, ರಸ್ತೆಯ ತುಂಬ ಬಿದ್ದ ಇಟ್ಟಿಗೆ ನೋಡಿ ಇಳಿದರು.

"ಯಾರ್ರೀ ಇದು? ಡೆಬ್ರಿಸ್ ಎಲ್ಲಾ ಮೋರಿಗೆ ಬೀಳ್ತಾ ಇದೆ!"

ಬೈರಪ್ಪ ಸುತ್ತಿಗೆ ಬಿಟ್ಟು ಕೈಮುಗಿದ. "ನಾನೇ ತೆಗೀತಾ ಇದೀನಿ ಸಾರ್. ಇವತ್ತೇ ಮುಗಿಯತ್ತೆ. ಸಾರ್ ಭಾನುವಾರದವರೆಗೆ ಟೈಮ್ ಕೊಟ್ಟವ್ರೆ."

"ಯಾವ ಸಾರ್?"

ಇಡೀ ಬೀದಿ ಯೋಗಾನಂದನ ಕಡೆ ತಿರುಗಿತು. ಅವನ ಬಾಯಲ್ಲಿ ಇನ್ನೂ ಪೇಸ್ಟಿತ್ತು.

"ನೀವು ಯಾವ ಡಿಪಾರ್ಟ್‌ಮೆಂಟು? ಯಾರು ನಿಮಗೆ ಸರ್ವೆ ಮಾಡೋಕೆ ಹೇಳಿದ್ದು?"

"ಶರ್ವೆನಾ? ನಾನಾ?" ಯೋಗಾನಂದ ಉಗಿದು ಬಾಯಿ ಒರೆಸಿಕೊಂಡ. "ಸರ್ವೆ ಕೋಲು ನೆಟ್ಟಿದೀನಿ ಅಷ್ಟೇ ಸಾರ್."

"ಬುಕ್ಕಲ್ಲಿ ಎಲ್ಲಾ ಬರ್ಕೊಂಡವ್ನೆ, ತೆಗೆದು ನೋಡಿ ಸ್ವಾಮಿ!" ಎಂದು ಲಿಂಗಮ್ಮ ಬಾಗಿಲಿನಿಂದ ಕೂಗಿದಳು. "ಅಡಿಗಿಮನಿ ಸುದ್ದಾ ಬರಕೊಂಡಾರ್ರೀ," ಎಂದು ಮಹಡಿಯಿಂದ ನೀಲಾಂಬಿಕಾ ಸಾಕ್ಷಿ ನುಡಿದಳು.

ಮರೆಪ್ಪ ಕೈ ಚಾಚಿದರು. ಯೋಗಾನಂದ ಕಾಂಪೌಂಡಿನ ಮೇಲಿಟ್ಟಿದ್ದ ನೋಟ್‌ಬುಕ್ಕನ್ನು ಬಚ್ಚಿಡಲು ಹೋದ. ಅದಕ್ಕೆ ಮೊದಲೇ ಬೈರಪ್ಪ ಅದನ್ನು ತೆಗೆದು ಅವರ ಕೈಗಿಟ್ಟಿದ್ದ. ಮರೆಪ್ಪ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು.

"'ಆಗಸ್ಟ್ ಹನ್ನೊಂದು, ಸಂಜೆ: ನಲವತ್ತಾರು. ಬೆಳಿಗ್ಗೆ: ಮೂವತ್ತೊಂಬತ್ತು. ಏಳು ಕಾಯಿ ಕಡಿಮೆ.' ಏನ್ರೀ ಇದು?"

ಮರೆಪ್ಪ ಹಾಳೆ ತಿರುಗಿಸಿದರು.

"'ನೀಲಾಂಬಿಕಾ. ಬಾಣಲೆಯಲ್ಲಿ ಮೆಂತ್ಯ. ಅದರ ಕೆಳಗೆ ಹುರುಳಿಕಾಯಿ ಇರಬಹುದು. ಕಾರಣವಿಲ್ಲದೆ ನಗುತ್ತಾಳೆ.'"

"ಅಯ್ಯ ಶಿವನ!" ಎಂದಳು ನೀಲಾಂಬಿಕಾ.

"'ಲಿಂಗಮ್ಮ. ನನ್ನನ್ನು ಕಂಡ ಕೂಡಲೆ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿದರು. ಏನೋ ಬಿಳಿಯದು, ಬೀಜವಿರಬಹುದು.'"

"ಅದು ನನ್ನ ಹಲ್ಲಿನ ಸೆಟ್ಟು ಕಣಪ್ಪೋ!" ಲಿಂಗಮ್ಮನ ಕೂಗು ಮುಂದಿನ ಅಡ್ಡರಸ್ತೆಗೂ ಕೇಳಿಸಿತು. "ತೊಳೆಯಕ್ಕೆ ಇಟ್ಕೊಂಡಿದ್ದೆ!"

ಮರೆಪ್ಪನವರ ದನಿ ನಡುಗುತ್ತಿತ್ತು. ಅದು ಕೋಪದಿಂದಲ್ಲ ಎಂದು ಹತ್ತಿರದವರಿಗೆ ಕಾಣುತ್ತಿತ್ತು. "'ಬೈರಪ್ಪ ಒಪ್ಪಿಕೊಂಡರು. ಬೀದಿಯಲ್ಲಿ ಎಲ್ಲರೂ ಕಳ್ಳರು. ವಿಶೇಷ ಸೂಚನೆ: ಹುರುಳಿಕಾಯಿ ಮಂಡಿನೋವಿಗೆ ಬಹಳ ಒಳ್ಳೆಯದು.'"

ಬೈರಪ್ಪ ಒಡೆದ ಮೆಟ್ಟಿಲನ್ನು ನೋಡಿದ. ನೋಟ್‌ಬುಕ್ಕನ್ನು ನೋಡಿದ. ಮತ್ತೆ ಮೆಟ್ಟಿಲನ್ನು ನೋಡಿದ.

"ಬೀನ್ಸಾ?" ಎಂದ ಮೆಲ್ಲಗೆ. "ನೀವು ಇಷ್ಟು ದಿನ ಹೇಳ್ತಿದ್ದಿದ್ದು ಬೀನ್ಸಾ?"

"ಮತ್ತೆ ನೀವು ಒಪ್ಕೊಂಡಿದ್ದು?"

"ಮೆಟ್ಲು ಕಣಪ್ಪಾ!" ಬೈರಪ್ಪ ಇಟ್ಟಿಗೆ ರಾಶಿಯ ಮೇಲೆ ಕುಕ್ಕರಿಸಿದ. "ಬೀನ್ಸಿಗೆ ಯಾರು ಹೆದರ್ತಾರೆ? ಬೀನ್ಸ್ ಕೀಳ್ತಿದ್ದೋನು ನಾನೇ. ದಿನ ಬಿಟ್ಟು ದಿನ. ಕಾಯಿ ಬಲಿಯಾಕೆ ಬಿಟ್ರೆ ಬಳ್ಳಿ ಹೂ ಬಿಡೋದೇ ನಿಲ್ಲಿಸ್ಬುಡತ್ತೆ. ಕಣ್ಣೆದುರಿಗೇ ಬೆಳೆ ಕೆಡ್ತಿದ್ರೆ ನೋಡ್ಕೊಂಡು ಹೆಂಗಿರ್ಲಿ ನಾನು? ಕಿತ್ತಿದ್ದನ್ನೆಲ್ಲ ಹಿತ್ತಲ ಗೋಡೆ ಮೇಲಿಂದ ನಿಮ್ಮ ಮನೆಯವ್ರಿಗೇ ಕೊಡ್ತಿದ್ದೆ. ನಿಮಗೆ ಗೊತ್ತೈತೆ ಅಂತಲೇ ಅನ್ಕೊಂಡಿದ್ದೆ."

ಯೋಗಾನಂದ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಕುಸುಮಾ ಬಾಗಿಲಲ್ಲಿ ನಿಂತಿದ್ದಳು.

"ಹೇಳೋಣ ಅಂತ ಬಾಯಿ ತೆಗೆದಾಗೆಲ್ಲ ಕಳ್ಳರ ಪರ ಮಾತಾಡಬೇಡ ಅಂದ್ರಿ," ಎಂದಳು. "ಕಿತ್ತಿದ್ದು ಅವರು, ಬೇಯಿಸಿದ್ದು ನಾನು. ತಿಂದು ಚೆನ್ನಾಗಿಲ್ಲ ಅಂದಿದ್ದು ನೀವು."

ಬೀದಿ ನಕ್ಕಿತು. ಮಹಡಿಯಲ್ಲಿ ನೀಲಾಂಬಿಕಾ ನಕ್ಕಳು, ಈ ಸಲ ಕಾರಣವಿತ್ತು. ಮರೆಪ್ಪನವರ ಡ್ರೈವರೂ ನಕ್ಕ. ಲಿಂಗಮ್ಮ ಒಬ್ಬಳು ನಗಲಿಲ್ಲ.

"ನಕ್ಕಿದ್ದು ಸಾಕು. ನಾನು ಕೆಳಗೆ ಇಳಿಯೋದು ಹೆಂಗೆ?"

ಆಗ ಎಲ್ಲರಿಗೂ ನೆನಪಾಯಿತು. ಬೈರಪ್ಪ ಮರೆಪ್ಪನವರ ಮುಖ ನೋಡಿದ. "ಸಾರ್, ಹಂಗಾದ್ರೆ ಮೆಟ್ಲು ಒಡೆಯೋದು ಬೇಕಿರ್ಲಿಲ್ವಾ?"

"ನಾನು ಮೋರಿ ನೋಡೋಕೆ ಬಂದೋನಪ್ಪಾ. ಮೆಟ್ಟಿಲು ಹೊರಗಿತ್ತು, ತೆಗೆದಿದೀರಿ, ಒಳ್ಳೇದೇ ಆಯ್ತು. ಇನ್ನು ಒಳಗೆ ಕಟ್ಕೊಳ್ಳಿ." ಮರೆಪ್ಪ ಯೋಗಾನಂದನ ಚಪ್ಪರದ ಕಡೆ ತಿರುಗಿದರು. ಮೋರಿಯ ಅಂಚಿನಿಂದ ಕಾಂಪೌಂಡಿನವರೆಗೆ ಹೆಜ್ಜೆ ಹಾಕಿ ಅಳೆದರು. "ನಿಮ್ಮ ತೋಟ ಪೂರ್ತಿ ರಸ್ತೆ ಜಾಗದಲ್ಲಿದೆಯಲ್ರೀ! ಗೋಡೆ ಉದ್ದಕ್ಕೂ ಮೂರಡಿ! ಇಡೀ ಬೀದೀಲಿ ಇವರಿಗಿಂತ ಜಾಸ್ತಿ ಎಳ್ಕೊಂಡಿರೋರು ನೀವೇ. ದಸರಾ ಆದ್ಮೇಲೆ ಮೋರಿ ಕೆಲಸ ಇದೆ, ಅಷ್ಟರಲ್ಲಿ ಖಾಲಿ ಮಾಡಿ."

ನೋಟ್‌ಬುಕ್ ವಾಪಸು ಕೊಟ್ಟು, ಇಟ್ಟಿಗೆ ಸಂಜೆಯೊಳಗೆ ಎತ್ತಬೇಕೆಂದು ಹೇಳಿ ಅವರು ಹೊರಟರು. ಜೀಪು ತಿರುವು ದಾಟುವವರೆಗೂ ಅವರ ಭುಜ ಕುಣಿಯುತ್ತಲೇ ಇತ್ತು.

ಅವತ್ತು ಸಂಜೆಯವರೆಗೆ ಯೋಗಾನಂದ ಬೈರಪ್ಪನ ಜೊತೆ ಬಾಂಡ್ಲಿ ಹಿಡಿದು ಇಟ್ಟಿಗೆ ಎತ್ತಿದ. ಕೈಯಲ್ಲಿ ಬೊಬ್ಬೆ ಎದ್ದಿತು. ಬಾಂಡ್ಲಿ ಹಿಡಿಯುವ ಬಗೆಯನ್ನು ಬೈರಪ್ಪ ಮಾತಿಲ್ಲದೆ ಒಮ್ಮೆ ತೋರಿಸಿಕೊಟ್ಟ. ಮನೆಗೆ ಹೋಗುವಾಗ ಯೋಗಾನಂದ ನೆಲ ನೋಡುತ್ತ ಕೇಳಿದ.

"ನಾಳೆ ಊಟಕ್ಕೆ ಬರ್ತೀರಲ್ವಾ?"

"ಹೆಂಗ್ ಬರೋದು? ಆಯಮ್ಮನ್ನ ಇಳಿಸೋಕೆ ಕ್ರೇನ್ ತರ್ತೀರಾ?"

ಆದ್ದರಿಂದ ಭಾನುವಾರದ ಊಟವೇ ಬೈರಪ್ಪನ ಮನೆಗೆ ಹೋಯಿತು. ಬೆಳಿಗ್ಗೆ ಕುಸುಮಾ ಬಳ್ಳಿಯಲ್ಲಿದ್ದುದನ್ನೆಲ್ಲ ಕಿತ್ತಳು. ಎಳೆಯವನ್ನು ಬೈರಪ್ಪ ಆಗಲೇ ತೆಗೆದಾಗಿತ್ತು. ಉಳಿದದ್ದು ಅತಿ ಉದ್ದವೆಂದು ಯೋಗಾನಂದ ಅಳೆದು, ದಾರ ಕಟ್ಟಿ ಗುರುತಿಟ್ಟು ಕಾಯ್ದಿದ್ದ ಕಾಯಿಗಳು. ಅವನ ಕಣ್ಣಿಗೆ ಬಿದ್ದವೆಂದು ಬೈರಪ್ಪ ಅವನ್ನು ಮುಟ್ಟಿರಲಿಲ್ಲ. ಕುಸುಮಾ ಅವನ್ನು ಹೆಚ್ಚಿ, ಬೇಯಿಸಿ, ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿದಳು. ಯೋಗಾನಂದ ಪಲ್ಯದ ಪಾತ್ರೆ ಹಿಡಿದು ಬೋರಲು ಹಾಕಿದ ಡ್ರಮ್ಮಿನ ಮೇಲೆ ಹತ್ತಿದ. ಬೈರಪ್ಪ ಮೇಲಿಂದ ಕೈ ಕೊಟ್ಟು ಎಳೆದುಕೊಂಡ. ಹಿಂದೆ ಕುಸುಮಾ, ಆಮೇಲೆ ಮಹಡಿಯಿಂದ ರೊಟ್ಟಿ ಹಿಡಿದು ನೀಲಾಂಬಿಕಾ ಮತ್ತು ಅವಳ ಗಂಡ.

"ಬರ್ರೀ ಸರ," ಎಂದಳು ನೀಲಾಂಬಿಕಾ, ಬುಟ್ಟಿಯ ಮೇಲಿನ ಬಟ್ಟೆ ತೆಗೆದು, "ಕೆಳಗ ಏನೂ ಮುಚ್ಚಿಟ್ಟಿಲ್ಲ, ನೋಡಿ ಬರಕೋರಿ."

ಯೋಗಾನಂದ ತಲೆ ತಗ್ಗಿಸಿ ಕೂತ. ಎಲೆಗಳಿಗೆ ಪಲ್ಯ ಬಡಿಸಿದಳು ಕುಸುಮಾ. ಎಲ್ಲರ ಕಣ್ಣು ಬೈರಪ್ಪನ ಬಾಯಿಯ ಮೇಲೆ. ಬೈರಪ್ಪ ಒಂದು ತುತ್ತು ಹಾಕಿಕೊಂಡು ಅಗಿದ. ಮತ್ತೆ ಅಗಿದ. ಬಹಳ ಹೊತ್ತು ಅಗಿದ. ಲಿಂಗಮ್ಮ ಹಲ್ಲಿನ ಸೆಟ್ಟು ಸರಿಮಾಡಿಕೊಂಡು, ಪ್ರಯತ್ನ ಬಿಟ್ಟು, ಅನ್ನ ಕಲಸಿದಳು.

ಯೋಗಾನಂದನ ಬಾಯಲ್ಲೂ ಅದೇ ನಡೆದಿತ್ತು. ಎರಡು ತಿಂಗಳು ನೀರು ಹಾಕಿ, ಕಾದು, ಎಣಿಸಿ ಬೆಳೆದ ಕಾಯಿ ಅವನ ಹಲ್ಲಿನ ಸಂದಿಯಲ್ಲಿ ಸೆಣಬಿನಂತೆ ಸಿಕ್ಕಿಕೊಂಡಿತ್ತು. ನುಂಗಲೂ ಆಗದು, ಉಗಿಯಲೂ ಆಗದು. ಅವನು ಅದನ್ನು ಕೈಯಿಂದ ಎಳೆದು ಎಲೆಯ ಅಂಚಿಗಿಟ್ಟ.

"ನಾರು," ಎಂದ.

ಮದುವೆಯಾದ ಮೇಲೆ ಅವನು ತಪ್ಪು ಒಪ್ಪಿಕೊಂಡದ್ದನ್ನು ಕುಸುಮಾ ಕೇಳಿದ್ದು ಅದೇ ಮೊದಲು. ಬೈರಪ್ಪ ಕೊನೆಗೂ ನುಂಗಿ, ನೀರು ಕುಡಿದ.

"ಬಳ್ಳಿ ಚೆನ್ನಾಗಿ ಬಂದೈತೆ ಸಾರ್," ಎಂದ. "ಸುಳ್ಳು ಹೇಳಲ್ಲ. ಮಣ್ಣು ಹದ ಮಾಡಿದೀರಿ, ನೀರು ಸರಿಯಾಗಿ ಕೊಟ್ಟಿದೀರಿ. ಕೀಳೋದೊಂದು ಗೊತ್ತಿಲ್ಲ ನಿಮಗೆ. ದಸರಾವರೆಗೂ ಟೈಮ್ ಐತಲ್ಲ, ಇನ್ನೂ ಎರಡು ಸುತ್ತು ಬಿಡತ್ತೆ. ಬೆಳಕು ಹರಿಯೋ ಹೊತ್ತಿಗೆ, ಮಂಜು ಆರೋ ಮುಂಚೆ ಕೀಳ್ಬೇಕು. ಬರ್ತೀರಾ, ತೋರಿಸ್ಕೊಡ್ತೀನಿ?"

"ಎಷ್ಟು ಹೊತ್ತಿಗೆ?"

"ಐದೂವರೆ."

ಯೋಗಾನಂದ ಗೋಡೆ ಗಡಿಯಾರವನ್ನೊಮ್ಮೆ ದೀನನಾಗಿ ನೋಡಿ, ಆಗಲಿ ಎಂದ.

ಸೋಮವಾರ ಮಬ್ಬುಗತ್ತಲಲ್ಲಿ ಗೇಟಿನ ಚಿಲಕ ಸದ್ದಾಯಿತು. ಯೋಗಾನಂದ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಕುಸುಮಾ ಕಣ್ಣು ಬಿಡದೆಯೇ ಮೊಣಕೈಯಿಂದ ಅವನನ್ನು ತಿವಿದಳು.

"ರೀ, ಏಳಿ. ಕಳ್ಳ ಕರೀತಾ ಇದಾನೆ."